ಆ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ

ಹೋದ ವಾರ ಸಂಜೆ ಪಕ್ಕದ ಶೆಡ್‌ನ ಹುಡುಗ ಬಂದು ನಮ್ಮ ಬಾಗಿಲಲ್ಲಿ ನಿಂತ. ಅಂತರಸನಹಳ್ಳಿಯಲ್ಲಿ ನಮ್ಮ ಗೋಡೆಗೆ ಅಂಟಿಕೊಂಡೇ ಅವನ ಗೋಡೆ. ಲೇತ್ ಕೆಲಸ ಅವನದು. ಹೋದ ವರ್ಷ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡಿದ್ದಾನೆ. ಅವನು ಮತ್ತು ಅವನ ತಾಯಿ ಡೈರೆಕ್ಟರುಗಳು.

"ಅಕ್ಕಾ, ಕೆಲಸ ಕೊಟ್ಟರೆ ಸೆಂಟ್ರಲ್ ಗೌರ್ಮೆಂಟು ದುಡ್ಡು ಕೊಡುತ್ತಂತೆ. ನಮ್ಮ ಕಂಪನೀಲಿ ಡೈರೆಕ್ಟರೂ ನಾನೇ, ಕೆಲಸದವನೂ ನಾನೇ. ನನಗೂ ಬರುತ್ತಾ?"

ಕುರ್ಚಿ ಎಳೆದು ಕೂರಿಸಿದೆ. ಇದೇ ಪ್ರಶ್ನೆಯನ್ನು ನಾನು ಐದು ವರ್ಷದ ಹಿಂದೆ ಕೇಳಿದ್ದೆ. ಕೇಳುವ ಹೊತ್ತಿಗೆ ತಡವಾಗಿತ್ತು. ಅವನಿಗೆ ಅವತ್ತು ಅರ್ಧ ಗಂಟೆಯಲ್ಲಿ ಹೇಳಿದ್ದನ್ನು ಇಲ್ಲಿ ಸಮಾಧಾನವಾಗಿ ಬರೆಯುತ್ತಿದ್ದೇನೆ. ಅವನ ಹಾಗೆ ಸ್ವಂತ ಕಂಪನಿಯಲ್ಲಿ ತಾವೇ ದುಡಿಯುವವರು ತುಮಕೂರಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಮ್ಮದು ಅಡಿಕೆ ಹಾಳೆ ತಟ್ಟೆ ಮಾಡುವ ಕೆಲಸ. ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಿಂದ ಹಾಳೆ ಬರುತ್ತದೆ. ತೊಳೆದು, ನೆನೆಸಿ, ನೀರು ಸೋರಿಸಿ, ಬಿಸಿ ಡೈಗೆ ಇಟ್ಟು ಒತ್ತಬೇಕು. ಅಂಚು ಕತ್ತರಿಸಬೇಕು. ಆಮೇಲೆ ಆರಿಸಿ, ಎಣಿಸಿ, ಕಟ್ಟು ಕಟ್ಟಬೇಕು. 12 ಇಂಚಿನ ಊಟದ ತಟ್ಟೆ, 6 ಇಂಚಿನ ತಿಂಡಿ ತಟ್ಟೆ, ದೊನ್ನೆ. ಬೆಳಿಗ್ಗೆ ಬೀಗ ತೆಗೆಯುವವಳು ನಾನು. ಯಾರಾದರೂ ರಜೆ ಹಾಕಿದರೆ ಮೂರನೇ ಯಂತ್ರದ ಮುಂದೆ ಕೂರುವವಳೂ ನಾನೇ. ನನ್ನ ಬಲಗೈ ಮೇಲೆ ಡೈ ತಾಗಿದ ಸುಟ್ಟ ಕಲೆ ಎರಡು ಕಡೆ ಇದೆ.

ಬೆಂಗಳೂರಿನ ಖರೀದಿದಾರರೊಬ್ಬರು ಕಂಪನಿ ಇದ್ದರೆ ಮಾತ್ರ ದೊಡ್ಡ ಆರ್ಡರ್ ಕೊಡುತ್ತೇವೆ ಎಂದಿದ್ದರು. ಅದಕ್ಕೇ ಕಂಪನಿ ಆಯಿತು. ನಾನು ಮತ್ತು ನನ್ನ ತಮ್ಮ ಡೈರೆಕ್ಟರುಗಳು. ಕೆಲಸಗಾರರ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಸರ್ಕಾರದ ಆರೋಗ್ಯ ವಿಮೆ) ಕಾಗದವನ್ನೂ ಅವರೇ ಕೇಳಿದರು. 20 ಜನ ಇದ್ದರೆ ಮಾತ್ರ ಪಿಎಫ್ ಕಡ್ಡಾಯ. ನಮ್ಮಲ್ಲಿ ಇದ್ದವರು 11 ಜನ. ಆದರೂ ಕೆಲಸಗಾರರು ಒಪ್ಪಿದರೆ ಸಣ್ಣ ಘಟಕವೂ ಪಿಎಫ್‌ಗೆ ಸೇರಬಹುದು. ನಾವು ಸೇರಿದೆವು.

ಆಗ ನನ್ನ ಹೆಸರನ್ನೂ ಹಾಕೋಣವಾ ಎಂದು ನಮ್ಮ ಆಡಿಟರ್ ಹತ್ತಿರ ಕೇಳಿದ್ದೆ. ನಾನು ತಿಂಗಳಿಗೆ 14,000 ರೂಪಾಯಿ ಸಂಬಳ ತೆಗೆದುಕೊಳ್ಳುತ್ತಿದ್ದೆ. "ನೀವು ಓನರ್ ಅಲ್ವಾ ಮೇಡಂ, ಓನರ್‌ಗೆ ಯಾಕೆ ಪಿಎಫ್? ಸುಮ್ನೆ ಎರಡೂ ಕಡೆಯದು ನೀವೇ ಕಟ್ಟಬೇಕು" ಎಂದರು. ಒಳ್ಳೆಯ ಮನುಷ್ಯ. ದುಡ್ಡು ಉಳಿಸಲಿ ಅಂತಲೇ ಹೇಳಿದ್ದು. ನಾನೂ ತಲೆಯಾಡಿಸಿದೆ.

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಲಾಕ್‌ಡೌನ್ ಘೋಷಣೆ ಆಯಿತು. ಮಾರನೇ ದಿನ ಯುಗಾದಿ. ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಿದ್ದೆ. ಮನಸ್ಸೆಲ್ಲ ಶೆಡ್‌ನಲ್ಲಿತ್ತು. ಯುಗಾದಿ ಮುಗಿದರೆ ಮದುವೆ ಸೀಸನ್. ನಮ್ಮ ವರ್ಷದ ಗಳಿಕೆಯ ದೊಡ್ಡ ಪಾಲು ಆ ಎರಡು ತಿಂಗಳದ್ದು. ಹಾಳೆ ಬೀಳುವುದೂ ಬೇಸಿಗೆಯಲ್ಲೇ ಜಾಸ್ತಿ. ಹಾಗಾಗಿ ಇದ್ದ ದುಡ್ಡನ್ನೆಲ್ಲ ಹಾಳೆಗೆ ಸುರಿದು ಗೋಡೌನ್ ತುಂಬಿಸಿಕೊಂಡಿದ್ದೆ. ಒಂದೊಂದೇ ಮದುವೆ ಮುಂದಕ್ಕೆ ಹೋಯಿತು. ಬೆಂಗಳೂರಿನವರು ಫೋನ್ ಎತ್ತುವುದನ್ನೇ ಬಿಟ್ಟರು. ಮುಂದೆ ಮಳೆ ಶುರುವಾದ ಮೇಲೆ ಹಾಳೆಗೆ ಬೂಷ್ಟು ಹಿಡಿಯಿತು. ಒಂದು ಟ್ರ್ಯಾಕ್ಟರ್ ತುಂಬ ತಿಪ್ಪೆಗೆ ಹೋಯಿತು.

ಏಪ್ರಿಲ್ ಬಟವಾಡೆಗೆ ನನ್ನ ಎರಡು ಬಳೆ ಅಡವಿಟ್ಟೆ. ಕೆಲಸ ನಿಂತರೂ ಸಂಬಳ ಕೊಡಬೇಕು ಎಂದು ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆಯ ಆದೇಶ ಬಂದಿತ್ತು. ಆ ಆದೇಶ ಮೇ 18ರಿಂದ ಹೋಯಿತು. ಆದೇಶ ಇರಲಿ ಬಿಡಲಿ, ಹನ್ನೊಂದು ಮನೆಯ ಒಲೆ ಉರಿಯಬೇಕಿತ್ತು. ಅವರಲ್ಲಿ ಏಳು ಜನ ಹೆಂಗಸರು. ಮೂವರ ಮನೆಯಲ್ಲಿ ದುಡಿಯುವ ಕೈ ಅದೊಂದೇ.

ಆಗ ಕೈ ಹಿಡಿದದ್ದು ಪಿಎಂ ಗರೀಬ್ ಕಲ್ಯಾಣ್ ಯೋಜನೆ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಮಾರ್ಚ್ 26ರಂದು ಅದನ್ನು ಹೇಳಿದರು. ಒಂದು ಘಟಕದಲ್ಲಿ 100 ಜನದವರೆಗೆ ಇರಬೇಕು. ಅವರಲ್ಲಿ ನೂರಕ್ಕೆ 90 ಜನರ ಸಂಬಳ 15,000ಕ್ಕಿಂತ ಕಡಿಮೆ ಇರಬೇಕು. ಹಾಗಿದ್ದರೆ ಅಂಥವರ ಪಿಎಫ್‌ನ ಎರಡೂ ಪಾಲನ್ನು, ಅಂದರೆ ಕೆಲಸಗಾರರ 12%, ಮಾಲೀಕರ 12%, ಸರ್ಕಾರವೇ ಕಟ್ಟುತ್ತದೆ. ಮೊದಲು ಮೂರು ತಿಂಗಳು ಎಂದರು. ಆಮೇಲೆ ಆಗಸ್ಟ್‌ವರೆಗೆ ಎಳೆದರು. ಒಟ್ಟು ಆರು ತಿಂಗಳು.

ನಮ್ಮಲ್ಲಿ ಒಬ್ಬೊಬ್ಬರಿಗೆ 12,500 ಸಂಬಳ. ಅದರ 24% ಅಂದರೆ 3,000. ಹನ್ನೊಂದು ಜನಕ್ಕೆ ತಿಂಗಳಿಗೆ 33,000. ಆರು ತಿಂಗಳಿಗೆ 1,98,000 ರೂಪಾಯಿ. ಕಂಪನಿಗೆ ಅರ್ಧ ಉಳಿಯಿತು. ಇನ್ನರ್ಧ ಕೆಲಸಗಾರರಿಗೆ ಸಿಕ್ಕಿತು. ಸಂಬಳದಲ್ಲಿ ಕಡಿತ ಇಲ್ಲದ್ದರಿಂದ ತಿಂಗಳಿಗೆ 1,500 ಜಾಸ್ತಿ ಕೈಗೆ ಬಂತು. ಆ ದಿನಗಳಲ್ಲಿ 1,500 ಅಂದರೆ ಒಂದು ತಿಂಗಳ ರೇಷನ್ನು, ಗ್ಯಾಸು. ಮೊದಲ ಸಲ ಪೂರ್ತಿ ಸಂಬಳ ಕೈಗೆ ಬಂದಾಗ ನಮ್ಮ ಹಳೆಯ ಕೆಲಸಗಾರ್ತಿ ಎರಡೆರಡು ಸಲ ಎಣಿಸಿ, ಜಾಸ್ತಿ ಕೊಟ್ಟಿದ್ದೀರಾ ಅಂತ ಫೋನ್ ಮಾಡಿದ್ದರು.

ತಿಂಗಳ ಪಿಎಫ್ ಪಟ್ಟಿಗೆ ಇಸಿಆರ್ ಎನ್ನುತ್ತಾರೆ. ಅದನ್ನು ಕಂಪ್ಯೂಟರಿನಲ್ಲಿ ನಾನೇ ತುಂಬುತ್ತಿದ್ದೆ. ಹನ್ನೊಂದು ಸಾಲು. ಏಪ್ರಿಲ್ ಕೊನೆಯ ಒಂದು ರಾತ್ರಿ ಆ ಪಟ್ಟಿ ನೋಡುತ್ತಾ ಕೂತಿದ್ದಾಗ ಹೊಳೆಯಿತು. ನನ್ನ ಸಂಬಳ 14,000. ನಾನೂ ಅದೇ ಯಂತ್ರದ ಮುಂದೆ ಕೂರುತ್ತೇನೆ. ನನ್ನದೂ ಒಂದು ಸಾಲು ಯಾಕಿಲ್ಲ?

ಮಾರನೇ ದಿನ ಆಡಿಟರ್‌ಗೆ ಫೋನ್ ಮಾಡಿದೆ. ಈಗ ಸೇರಿಸಿ ಪ್ರಯೋಜನ ಇಲ್ಲ ಎಂದರು. 2019ರ ಸೆಪ್ಟೆಂಬರ್‌ನಿಂದ 2020ರ ಫೆಬ್ರವರಿವರೆಗೆ ಯಾವುದಾದರೂ ತಿಂಗಳು ಪಿಎಫ್ ಕಟ್ಟಿದವರಿಗೆ ಮಾತ್ರ ಯೋಜನೆ ಸಿಗುತ್ತಿತ್ತು. ನನ್ನ ಲೆಕ್ಕದಲ್ಲಿ ತಿಂಗಳಿಗೆ 3,360, ಆರು ತಿಂಗಳಿಗೆ 20,160 ರೂಪಾಯಿ ಹೋಯಿತು. ದೊಡ್ಡ ದುಡ್ಡಲ್ಲ. ಆದರೆ ಆ ಆರು ತಿಂಗಳು ನನ್ನ ಸಂಬಳದಲ್ಲಿ ಅರ್ಧವನ್ನು ಕಂಪನಿಗೇ ಸಾಲವಾಗಿ ವಾಪಸ್ ಹಾಕುತ್ತಿದ್ದೆ. ಅಂಥ ಹೊತ್ತಲ್ಲಿ 20,000 ಅಂದರೆ ಒಂದು ಬಳೆಯ ಬಡ್ಡಿ ಕಟ್ಟಿ ಮಿಗುತ್ತಿತ್ತು.

ಅದೇ ದಿನಗಳಲ್ಲಿ ನನ್ನ ತಂಗಿಗೂ ಇದೇ ಚಿಂತೆ. ಅವಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇದ್ದಾಳೆ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾಳೆ. ಅವಳದೂ ಸ್ವಂತ ಕಂಪನಿ, ಅದರಲ್ಲಿ ಅವಳೊಬ್ಬಳೇ. ಅಲ್ಲಿ ಅಂಥವರು ತುಂಬಾ ಜನ. ತೆರಿಗೆ ಉಳಿಸಲು ತಿಂಗಳಿಗೆ 719 ಪೌಂಡ್ ಮಾತ್ರ ಸಂಬಳ ಎಂದು ತೋರಿಸಿ, ಉಳಿದದ್ದನ್ನು ಡಿವಿಡೆಂಡ್, ಅಂದರೆ ಲಾಭದ ಪಾಲು, ಎಂದು ತೆಗೆದುಕೊಳ್ಳುತ್ತಿದ್ದಳು. ಕಾನೂನಿನಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಮಾರ್ಚ್‌ನಲ್ಲಿ ಅವಳ ಕಾಂಟ್ರಾಕ್ಟ್ ನಿಂತುಹೋಯಿತು.

ಅಲ್ಲಿನ ಹಣಕಾಸು ಮಂತ್ರಿ ಆಗ ರಿಷಿ ಸುನಕ್. ಮಾರ್ಚ್ 20ರಂದು ಅವರು ಒಂದು ಯೋಜನೆ ಹೇಳಿದರು. ಕೆಲಸ ಇಲ್ಲದೆ ಮನೆಯಲ್ಲಿ ಕೂತ ನೌಕರರ ಸಂಬಳದಲ್ಲಿ 80% ಸರ್ಕಾರ ಕೊಡುತ್ತದೆ. ತಿಂಗಳಿಗೆ ಹೆಚ್ಚೆಂದರೆ 2,500 ಪೌಂಡ್. ಫರ್ಲೋ ಎಂದು ಅದಕ್ಕೆ ಹೆಸರು. ಮಾರ್ಚ್ 26ರಂದು, ಅಂದರೆ ನಮ್ಮ ಗರೀಬ್ ಕಲ್ಯಾಣ್ ಬಂದ ದಿನವೇ, ಸ್ವಂತ ಉದ್ಯೋಗದವರಿಗೆ ಬೇರೆ ಯೋಜನೆ ಹೇಳಿದರು. ತಂಗಿ ಎರಡನೆಯದರಲ್ಲಿ ತನಗೆ ಸಿಗುತ್ತದೆ ಎಂದುಕೊಂಡಳು. ಯಾರ ಕೈಕೆಳಗೂ ಇಲ್ಲವಲ್ಲ, ಸ್ವಂತ ಉದ್ಯೋಗವೇ ತಾನೇ? ಸಿಗಲಿಲ್ಲ. ಕಂಪನಿಯ ಡೈರೆಕ್ಟರ್ ಆದವರು ಅಲ್ಲಿನ ಕಾನೂನಿನ ಪ್ರಕಾರ ಸ್ವಂತ ಉದ್ಯೋಗಿ ಅಲ್ಲ. ತನ್ನದೇ ಕಂಪನಿಯಿಂದ ಸಂಬಳ ಪಡೆಯುವ ನೌಕರಳು. ಹಾಗಾಗಿ ಮೊದಲನೆಯ ಯೋಜನೆ ಸಿಕ್ಕಿತು. ಆದರೆ ಲೆಕ್ಕಕ್ಕೆ ಬಂದದ್ದು 719 ಪೌಂಡ್ ಸಂಬಳ ಮಾತ್ರ. ಅದರ 80% ಅಂದರೆ 575 ಪೌಂಡ್ ಚಿಲ್ಲರೆ. ಡಿವಿಡೆಂಡ್‌ಗೆ ಏನೂ ಇಲ್ಲ. ಮನೆ ಬಾಡಿಗೆಗೂ ಸಾಲದು.

"ಅಕ್ಕಾ, ನನ್ನ ಕಂಪನಿಯ ಡೈರೆಕ್ಟರ್ ಆಗಿ ನಾನು ನನಗೇ ಪತ್ರ ಬರೆದೆ ಕಣೇ" ಎಂದಳು ಫೋನಲ್ಲಿ. ಅದು ನಿಯಮವೇ. ಈ ಡೈರೆಕ್ಟರನ್ನು ಇಂಥ ದಿನದಿಂದ ಫರ್ಲೋಗೆ ಹಾಕಿದ್ದೇವೆ ಎಂದು ಕಂಪನಿ ತೀರ್ಮಾನ ಮಾಡಬೇಕು. ಕಂಪನಿಯ ದಾಖಲೆಯಲ್ಲಿ ಅದು ಇರಬೇಕು. ಆ ಡೈರೆಕ್ಟರ್‌ಗೆ ಬರಹದಲ್ಲಿ ತಿಳಿಸಬೇಕು. ಫರ್ಲೋದಲ್ಲಿ ಇರುವಾಗ ಕಾನೂನು ಕೇಳುವ ಲೆಕ್ಕಪತ್ರ ಸಲ್ಲಿಸಬಹುದು. ಕಂಪನಿಗೆ ಆದಾಯ ತರುವ ಕೆಲಸ ಮಾತ್ರ ಮಾಡುವ ಹಾಗಿಲ್ಲ. ಅವಳ ಗೆಳತಿಯ ಪಾಡು ಇನ್ನೂ ಕಷ್ಟ. ಆಕೆ ವರ್ಷಕ್ಕೊಂದು ಸಲ, ಮಾರ್ಚ್ ಕೊನೆಗೆ ಸಂಬಳ ತೋರಿಸುತ್ತಿದ್ದಳು. ಮಾರ್ಚ್ 19ರೊಳಗೆ ತೆರಿಗೆ ಇಲಾಖೆಗೆ ಸಂಬಳದ ವಿವರ ಹೋಗಿರಬೇಕು ಎಂದು ನಿಯಮ ಬಂತು. ಹತ್ತು ದಿನದಲ್ಲಿ ಆಕೆಗೆ ಎಲ್ಲವೂ ತಪ್ಪಿತು.

ನಾವಿಬ್ಬರೂ ಅವತ್ತು ತುಂಬಾ ಹೊತ್ತು ಮಾತಾಡಿದೆವು. ಅವಳು ಸಾವಿರಾರು ಮೈಲಿ ದೂರ, ನಾನು ತುಮಕೂರಲ್ಲಿ. ಅವಳ ದೇಶದ ಕಾನೂನು ಬೇರೆ, ನಮ್ಮದು ಬೇರೆ. ಆದರೂ ಇಬ್ಬರೂ ಸಿಕ್ಕಿಕೊಂಡದ್ದು ಒಂದೇ ಕಡೆ. ನಾವು ಎಷ್ಟು ದುಡಿಯುತ್ತೇವೆ ಎಂದು ಯಾರೂ ಕೇಳಲಿಲ್ಲ. ಸಂಬಳದ ಪಟ್ಟಿಯಲ್ಲಿ ನಮ್ಮ ಹೆಸರು ಇದೆಯಾ, ಇದ್ದರೆ ಅದರ ಮುಂದೆ ಎಷ್ಟು ಎಂದು ಬರೆದಿದೆ, ಅಷ್ಟೇ ಕೇಳಿದರು.

ಮಾಲೀಕ ಕೆಲಸದವನೂ ಆಗಬಹುದಾ ಎನ್ನುವುದು ನನ್ನ ತಲೆಯಿಂದ ಹೋಗಲಿಲ್ಲ. ಕೆಲಸ ಇಲ್ಲದ ರಾತ್ರಿಗಳು. ಸಿಕ್ಕಿದ್ದನ್ನೆಲ್ಲ ಓದಿದೆ. ಹಾಗೆ ಓದುವಾಗ ನ್ಯೂಜಿಲೆಂಡಿನ ಒಂದು ಹಳೆಯ ಕೇಸು ಸಿಕ್ಕಿತು. ಜೆಫ್ರಿ ಲೀ ಎಂಬ ಪೈಲಟ್. ವಿಮಾನದಿಂದ ಹೊಲಗಳಿಗೆ ಗೊಬ್ಬರ ಎರಚುವ ಕಂಪನಿಯನ್ನು 1954ರಲ್ಲಿ ಮಾಡಿದ. ಒಟ್ಟು 3,000 ಷೇರು, ಅದರಲ್ಲಿ 2,999 ಅವನದೇ. ಡೈರೆಕ್ಟರ್ ಅವನೇ, ಸಂಬಳದ ಪೈಲಟ್ಟೂ ಅವನೇ. 1956ರಲ್ಲಿ ಕೆಲಸ ಮಾಡುವಾಗಲೇ ವಿಮಾನ ಬಿದ್ದು ತೀರಿಕೊಂಡ. ಕೆಲಸಗಾರರಿಗೆ ಸಿಗುವ ಪರಿಹಾರವನ್ನು ಹೆಂಡತಿ ಕೇಳಿದಳು. ತನಗೆ ತಾನೇ ಯಜಮಾನ ಆದವನು ಕೆಲಸಗಾರ ಹೇಗಾಗುತ್ತಾನೆ ಎಂದು ಅಲ್ಲಿನ ಕೋರ್ಟು ಹೇಳಿತು. ಆಕೆ ಬಿಡಲಿಲ್ಲ. ಆಗ ನ್ಯೂಜಿಲೆಂಡಿಗೂ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಕೇಸು ಹೋಯಿತು. 1960ರಲ್ಲಿ ಅಲ್ಲಿ ಆಕೆ ಗೆದ್ದಳು. ಕಂಪನಿ ಬೇರೆ, ಲೀ ಬೇರೆ. ಕಂಪನಿ ಅವನನ್ನು ಕೆಲಸಕ್ಕೆ ಇಟ್ಟುಕೊಂಡಿತ್ತು, ಆದ್ದರಿಂದ ಅವನು ಕೆಲಸಗಾರನೇ ಎಂದರು.

ಓದಿ ಮುಗಿಸಿದಾಗ ನನ್ನ ಕಣ್ಣು ತುಂಬಿತ್ತು. ನನಗೇನಾದರೂ ಆದರೆ ನನ್ನ ಮಗಳು ಏನು ಕೇಳಬಹುದು, ಯಾರನ್ನು ಕೇಳಬೇಕು ಎಂದು ಆ ಗಳಿಗೆವರೆಗೆ ಯೋಚನೆಯನ್ನೇ ಮಾಡಿರಲಿಲ್ಲ.

ನಮ್ಮ ದೇಶದಲ್ಲೂ ಮಾತು ಹೆಚ್ಚು ಕಡಿಮೆ ಹೀಗೇ ಇದೆ. 2013ರ ಕಂಪನಿ ಕಾಯ್ದೆಯಲ್ಲಿ ಹೋಲ್ ಟೈಮ್ ಡೈರೆಕ್ಟರ್ ಎಂದರೆ ಕಂಪನಿಯ ಪೂರ್ಣಾವಧಿ ಉದ್ಯೋಗದಲ್ಲಿ ಇರುವ ಡೈರೆಕ್ಟರ್ ಎಂದೇ ಬರೆದಿದೆ. ಸಂಬಳ ಪಡೆದು ಕೆಲಸ ಮಾಡುವ ಮ್ಯಾನೇಜಿಂಗ್ ಡೈರೆಕ್ಟರ್ ಇಎಸ್‌ಐ ಕಾಯ್ದೆಯಲ್ಲಿ ನೌಕರನೇ ಎಂದು ಸುಪ್ರೀಂ ಕೋರ್ಟು 1997ರಲ್ಲಿ, ಅಪೆಕ್ಸ್ ಎಂಜಿನಿಯರಿಂಗ್ ಕೇಸಿನಲ್ಲಿ ಹೇಳಿದೆ. ಜಿಎಸ್‌ಟಿಯವರು 2020ರ ಜೂನ್ 10ರಂದು ಹೊರಡಿಸಿದ ಸುತ್ತೋಲೆ ಕೂಡ ಇದನ್ನೇ ಬಿಡಿಸಿ ಹೇಳುತ್ತದೆ. ಡೈರೆಕ್ಟರ್‌ಗೆ ಕೊಟ್ಟದ್ದು ಲೆಕ್ಕದಲ್ಲಿ ಸಂಬಳ ಎಂದಿದ್ದು, ಸಂಬಳದ ಟಿಡಿಎಸ್ ನಿಯಮಕ್ಕೆ ಒಳಪಟ್ಟರೆ ಅದು ನೌಕರಿಯ ಸಂಬಳ, ಜಿಎಸ್‌ಟಿ ಇಲ್ಲ. ಬೇರೆ ಫೀಸು ಎಂದರೆ ಜಿಎಸ್‌ಟಿ ಇದೆ.

ಪಿಎಫ್ ಕಾಯ್ದೆ ಕೇಳುವುದೂ ಅದನ್ನೇ. ಘಟಕದ ಕೆಲಸಕ್ಕೆ ಸಂಬಳಕ್ಕೆ ಇದ್ದೀರಾ? ಇದ್ದರೆ ನೌಕರರು. ಬರೀ ಲಾಭದ ಪಾಲು, ಮೀಟಿಂಗಿಗೆ ಬಂದದ್ದಕ್ಕೆ ಸಿಟ್ಟಿಂಗ್ ಫೀಸು ತೆಗೆದುಕೊಳ್ಳುವವರು ನೌಕರರಲ್ಲ.

ನಮ್ಮ ಒಂದೇ ಕಂಪನಿಯಲ್ಲಿ ಎರಡೂ ಥರದವರು ಇದ್ದೇವೆ. ತಮ್ಮನಿಗೆ ಗುಬ್ಬಿ ಹತ್ತಿರ ತೋಟ ಇದೆ. ಬೋರ್ಡ್ ಮೀಟಿಂಗಿಗೆ ಬಂದು ಸಹಿ ಹಾಕುತ್ತಾನೆ, ಹಾಳೆಗೆ ಒಳ್ಳೆಯ ತೋಟ ಯಾವುದು ಎಂದು ಹೇಳುತ್ತಾನೆ. ಸಂಬಳ ಇಲ್ಲ. ಅವನ ಹೆಸರನ್ನೂ ಪಿಎಫ್‌ಗೆ ಹಾಕಿಬಿಡಿ, ಮುಂದೆ ಯಾವುದಾದರೂ ಯೋಜನೆ ಬಂದರೆ ಸಿಗುತ್ತೆ ಎಂದು ಹೇಳಿದವರಿದ್ದರು. ನಾನು ಒಪ್ಪಲಿಲ್ಲ, ಅವನೂ ಒಪ್ಪಲಿಲ್ಲ. ಕೆಲಸ ಮಾಡದವನ ಹೆಸರಲ್ಲಿ ಸಂಬಳ ಬರೆಯುವುದು ಸುಳ್ಳು ಲೆಕ್ಕ. ನಮ್ಮ ಹನ್ನೊಂದು ಜನ ಬೆವರು ಸುರಿಸಿ ಗಳಿಸಿದ ಹಕ್ಕಿನ ಪಕ್ಕದಲ್ಲಿ ಅಂಥ ಸಾಲು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಕಂಪನಿ ಇಲ್ಲದ ಒಡೆಯರ ಪಾಡು ಬೇರೆ. ಮಂಡಿಪೇಟೆಯಲ್ಲಿ ನಮ್ಮ ದೂರದ ಸಂಬಂಧಿಯೊಬ್ಬರು ಅಂಗಡಿ ಇಟ್ಟಿದ್ದಾರೆ. ಪ್ರೊಪ್ರೈಟರ್. ಅಂಗಡಿ ಬೇರೆ ಅಲ್ಲ, ಅವರು ಬೇರೆ ಅಲ್ಲ. ತಮಗೆ ತಾವೇ ಸಂಬಳ ಕೊಟ್ಟುಕೊಂಡು ಪಿಎಫ್ ಮಾಡಿಕೊಳ್ಳುವ ಹಾಗಿಲ್ಲ. ಪಾಲುದಾರರಿಗೂ ಇಲ್ಲ. ಇಎಸ್‌ಐ ವಿಷಯದಲ್ಲಿ ಒಂದು ಬೆಂಕಿಪೊಟ್ಟಣದ ಕಾರ್ಖಾನೆಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಪಾಲುದಾರ ನೌಕರನಲ್ಲ ಎಂದಿದೆ, ಅವನು ಸಂಬಳ ತೆಗೆದುಕೊಂಡರೂ ಸರಿ. ಶಿರಾ ಗೇಟ್ ಬಳಿ ನಮಗೆ ಗೊತ್ತಿರುವ ಕ್ಷೌರಿಕರೊಬ್ಬರಿಗೆ ಮಾತ್ರ ರಾಜ್ಯ ಸರ್ಕಾರದ 5,000 ಬಂತು. 2020ರ ಮೇ 6ರಂದು ಮುಖ್ಯಮಂತ್ರಿ ಯಡಿಯೂರಪ್ಪ ಅವರು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಹೇಳಿದ್ದರು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ಅದರಲ್ಲೇ ಇತ್ತು. ಮಂಡಿಪೇಟೆಯವರಿಗೆ ಯಾವ ಪಟ್ಟಿಯಲ್ಲೂ ಜಾಗ ಇರಲಿಲ್ಲ. ಅವರು ಬ್ಯಾಂಕಿನಿಂದ ಸರ್ಕಾರದ ಗ್ಯಾರಂಟಿ ಇರುವ ತುರ್ತು ಸಾಲ ತೆಗೆದುಕೊಂಡರು. ನಾವೂ ತೆಗೆದುಕೊಂಡೆವು. ಹಳೆಯ ಸಾಲದ 20% ಕೊಡುತ್ತಿದ್ದರು. ಸಹಾಯವೇ, ಆದರೆ ತೀರಿಸಬೇಕಾದ ಸಹಾಯ.

ಸೆಪ್ಟೆಂಬರ್‌ನಲ್ಲಿ ಯಂತ್ರಗಳು ಮತ್ತೆ ಶುರುವಾದವು. ಮೊದಲು ಮಾಡಿದ ಕೆಲಸ ಇದು. ಬೋರ್ಡ್ ಮೀಟಿಂಗ್ ಕರೆದು ನನ್ನನ್ನು ಪೂರ್ಣಾವಧಿ ಡೈರೆಕ್ಟರ್ ಎಂದು ಸರಿಯಾಗಿ ನಿರ್ಣಯ ಬರೆದೆವು. ಕೆಲಸ ಏನು, ಸಂಬಳ ಎಷ್ಟು ಎಂದು ಪತ್ರ ಮಾಡಿ ತಮ್ಮ ಸಹಿ ಹಾಕಿದ. ಸಂಬಳ ಪ್ರತಿ ತಿಂಗಳು 7ನೇ ತಾರೀಖು ಎಲ್ಲರ ಜೊತೆ ಬ್ಯಾಂಕಿಗೇ ಹಾಕಿಕೊಳ್ಳತೊಡಗಿದೆ. ಮೊದಲು ಬೇಕಾದಾಗ ಬೇಕಾದಷ್ಟು ತೆಗೆಯುತ್ತಿದ್ದೆ. ಅದು ತಪ್ಪು ಅಭ್ಯಾಸ. ಆ ತಿಂಗಳ ಇಸಿಆರ್‌ನಲ್ಲಿ ಹನ್ನೆರಡನೇ ಸಾಲು ನನ್ನದು. 14,000ಕ್ಕೆ ನನ್ನ ಪಾಲು 1,680, ಕಂಪನಿಯ ಪಾಲು 1,680. ಪಿಎಫ್ ಜೊತೆಗೇ ವಿಮೆಯೂ ಬರುತ್ತದೆ. ಕೆಲಸದಲ್ಲಿ ಇರುವಾಗ ಸದಸ್ಯರು ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ಸಿಗುತ್ತದೆ. ನಾಮಿನಿ ಜಾಗದಲ್ಲಿ ಮಗಳ ಹೆಸರು ಬರೆಯುವಾಗ ಆ ಪೈಲಟ್‌ನ ಹೆಂಡತಿ ನೆನಪಾದಳು.

ಅದಾದ ಮೇಲೆ ಬಂದದ್ದು ಆತ್ಮನಿರ್ಭರ್ ಭಾರತ್ ರೋಜ್‌ಗಾರ್ ಯೋಜನೆ. 2020ರ ಅಕ್ಟೋಬರ್ 1ರಿಂದ ಹೊಸದಾಗಿ ಸೇರಿಸಿಕೊಂಡ, 15,000ಕ್ಕಿಂತ ಕಡಿಮೆ ಸಂಬಳದವರಿಗೆ ಎರಡು ವರ್ಷ 24% ಪಿಎಫ್ ಸರ್ಕಾರ ಕಟ್ಟುತ್ತಿತ್ತು. ಸಣ್ಣ ಘಟಕ ಕನಿಷ್ಠ ಇಬ್ಬರನ್ನು ಹೆಚ್ಚಿಗೆ ತೆಗೆದುಕೊಳ್ಳಬೇಕಿತ್ತು. ಎಷ್ಟಕ್ಕಿಂತ ಹೆಚ್ಚಿಗೆ? 2020ರ ಸೆಪ್ಟೆಂಬರ್ ಪಟ್ಟಿಯಲ್ಲಿ ಇದ್ದ ಸಂಖ್ಯೆಗಿಂತ. ನಮ್ಮದು ಆ ತಿಂಗಳಿಗೇ ಹನ್ನೆರಡು ಆಗಿತ್ತು, ಯಾಕೆಂದರೆ ನಾನು ಸೇರಿದ್ದೆ. ಹಾಗಾಗಿ ಹದಿನಾಲ್ಕು ಆಗಬೇಕಿತ್ತು. ಆಡಿಟರ್, "ನೀವು ಒಂದು ತಿಂಗಳು ತಡೆದಿದ್ದರೆ" ಎಂದರು. ನನಗೆ ಬೇಜಾರಾಗಲಿಲ್ಲ. ಕ್ಯಾತ್ಸಂದ್ರದ ಇಬ್ಬರು ಹೆಣ್ಣುಮಕ್ಕಳನ್ನು ತೆಗೆದುಕೊಂಡೆವು. ಅವರಿಬ್ಬರ ಪಿಎಫ್ ತಿಂಗಳಿಗೆ 6,000ದಂತೆ ಎರಡು ವರ್ಷ ಸರ್ಕಾರ ಕಟ್ಟಿತು. ಒಬ್ಬಳು ಈಗ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಾಳೆ.

ಪಕ್ಕದ ಶೆಡ್‌ನ ಹುಡುಗ ಕೇಳಿದ್ದು 2025ರ ಆಗಸ್ಟ್ 1ರಿಂದ ಶುರುವಾದ ವಿಕಸಿತ್ ಭಾರತ್ ರೋಜ್‌ಗಾರ್ ಯೋಜನೆಯ ಬಗ್ಗೆ. 2027ರ ಜುಲೈ 31ರವರೆಗೆ ಸೇರುವವರಿಗೆ ಅದು. ಮೊದಲ ಸಲ ಪಿಎಫ್‌ಗೆ ಬಂದವರಿಗೆ ಒಂದು ತಿಂಗಳ ಸಂಬಳ, ಹೆಚ್ಚೆಂದರೆ 15,000, ಎರಡು ಕಂತಿನಲ್ಲಿ. ಮಾಲೀಕರಿಗೆ ಹೆಚ್ಚುವರಿ ಕೆಲಸಗಾರರೊಬ್ಬರಿಗೆ ತಿಂಗಳಿಗೆ 3,000ದವರೆಗೆ, ಎರಡು ವರ್ಷ. ಅವನ ಹಾಗೆ ವಸ್ತು ತಯಾರಿಸುವ ಘಟಕವಾದರೆ ನಾಲ್ಕು ವರ್ಷ. 50ಕ್ಕಿಂತ ಕಡಿಮೆ ಜನ ಇರುವವರು ಇಬ್ಬರನ್ನು ಹೆಚ್ಚಿಗೆ ಸೇರಿಸಿ, ಆರು ತಿಂಗಳು ಉಳಿಸಿಕೊಳ್ಳಬೇಕು. ಇದೂ ನೋಡುವುದು ಅದೇ ಪಿಎಫ್ ಪಟ್ಟಿಯನ್ನು. ಅವನ ಕಂಪನಿ ನೋಂದಣಿ ಆದಾಗಲೇ ಪಿಎಫ್ ಮತ್ತು ಇಎಸ್‌ಐ ನಂಬರ್ ಬಂದಿವೆ. 2020ರ ಫೆಬ್ರವರಿಯಿಂದ ಹೊಸ ಕಂಪನಿಗಳಿಗೆ ಹಾಗೇ ಬರುತ್ತದೆ. ಅವನಿಗೆ ಅದು ಗೊತ್ತೇ ಇರಲಿಲ್ಲ.

"ನೀನು ತಿಂಗಳಿಗೆ ಎಷ್ಟು ತಗೋತೀಯಪ್ಪ?" ಎಂದು ಕೇಳಿದೆ.

"ಲೆಕ್ಕ ಇಲ್ಲ ಅಕ್ಕಾ. ಮನೆಗೆ ಬೇಕಾದಾಗ ಕಂಪನಿ ಅಕೌಂಟಿಂದ ಹಾಕ್ಕೋತೀನಿ."

ಶನಿವಾರ ಫೈಲು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲ ತಗೊಂಡು ಬಾ ಎಂದಿದ್ದೇನೆ. ಅವನ ತಾಯಿಯನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ. ನಿರ್ಣಯಕ್ಕೆ ಅವರ ಸಹಿ ಬೇಕಾಗುತ್ತದೆ.